ಶಿಕ್ಷೆಯಾಗದವರಿಂದಲೇ ತುಂಬಿರುವ ಜೈಲು: ವಿಚಾರಣೆಗಳು ಏಕೆ ಮುಗಿಯುತ್ತಿಲ್ಲ?

ಪೈವಳಿಕೆ ವಾಸಿ:

ಜೈಲುಗಳು ಕಿಕ್ಕಿರಿದಿವೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಕಡೆ ಕೇಳಿಬರುವುದು ಒಂದೇ ಮಾತು: ಕಾಲ ಕೆಟ್ಟಿತು, ಕಳ್ಳಕಾಕರು ಹೆಚ್ಚಿದರು. ಅದನ್ನು ಒಪ್ಪುವ ಮೊದಲು ಲೆಕ್ಕ ನೋಡೋಣ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ಅಂಕಿಅಂಶದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಎಲ್ಲ ಜೈಲುಗಳನ್ನು ಕೂಡಿಸಿದರೂ ಇರುವ ಜಾಗ 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಯಾವ ನ್ಯಾಯಾಲಯವೂ ಇನ್ನೂ ತಪ್ಪಿತಸ್ಥರೆಂದು ಹೇಳದವರು. ಕೊನೆಯ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ವಿಚಾರಣೆಗೆ ಕಾಯುವವರೇ ಇಡೀ ದೇಶದ ಜೈಲುಗಳ ಜಾಗವನ್ನು ಹೆಚ್ಚುಕಡಿಮೆ ಭರ್ತಿ ಮಾಡಿದ್ದಾರೆ. ಶಿಕ್ಷೆಯಾದವರನ್ನು ಮಾತ್ರ ಇಟ್ಟುಕೊಂಡಿದ್ದರೆ ಮೂರರಲ್ಲಿ ಎರಡು ಪಾಲು ಖಾಲಿ ಇರುತ್ತಿತ್ತು.

2019ರಲ್ಲಿ ವಿಚಾರಣಾಧೀನರ ಪಾಲು ಶೇಕಡಾ 69ರಷ್ಟಿತ್ತು. 2021ರಲ್ಲಿ ಅದು 77ಕ್ಕೆ ಏರಿತು. ನಡುವೆ ಬಂದದ್ದು ಕೋವಿಡ್. ನ್ಯಾಯಾಲಯಗಳು ಮುಚ್ಚಿದವು, ಬಂಧನಗಳು ನಿಲ್ಲಲಿಲ್ಲ. ಹಾಗಾಗಿ ಜೈಲಿನ ಜನಸಂಖ್ಯೆಯನ್ನು ಏರಿಸುತ್ತಿರುವುದು ಪೊಲೀಸ್ ಠಾಣೆಗಿಂತ ಹೆಚ್ಚಾಗಿ ನ್ಯಾಯಾಲಯದ ದಿನಚರಿ ಎಂದು ನನಗನಿಸುತ್ತದೆ. ಕಾಸರಗೋಡಿನ ನಾವು ಈ ಕಡೆ ಕಾಸರಗೋಡು, ಹೊಸದುರ್ಗ, ಕಣ್ಣೂರಿನ ಜೈಲುಗಳನ್ನೂ ಆ ಕಡೆ ಮಂಗಳೂರಿನ ಜೈಲನ್ನೂ ನೋಡುವವರು. ವಕೀಲರು, ಇಲಾಖೆಯಲ್ಲಿ ದುಡಿದವರು, ಅನುಭವಿಸಿದವರು ದಯವಿಟ್ಟು ಬರೆಯಿರಿ.

ಬದಿಯಡ್ಕದ ಕೃಷಿಕ:

ಲೆಕ್ಕ ಸರಿಯಿರಬಹುದು. ಆದರೆ ಈ ಕಾಯುವವರು ಯಾರು ಎಂದು ಕೇಳಬೇಡವೇ? ನಮ್ಮ ಪಂಚಾಯತಿನಲ್ಲಿ ಹೈಸ್ಕೂಲು ದಾಟದ ಹುಡುಗರ ಕೈಗೆ ಎಂಡಿಎಂಎ ಎಂಬ ಮಾದಕ ದ್ರವ್ಯ ಬರುತ್ತಿದೆ. ಮಾರಿದವನು ಸಿಕ್ಕಿಬಿದ್ದು, ಜಾಮೀನಿನಲ್ಲಿ ಹೊರಬಂದು, ಅದೇ ಬಸ್ ನಿಲ್ದಾಣದಲ್ಲಿ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಇಂಥವರು ಒಳಗಿದ್ದರೆ ಮನೆಗಳು ಉಳಿಯುತ್ತವೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಂದೆ ಜೈಲಿನಲ್ಲಿ ಜಾಗವಿಲ್ಲ ಎಂಬ ವಾದವನ್ನು ನಾನು ಹೇಗೆ ಮಂಡಿಸಲಿ?

ವಿದ್ಯಾನಗರದ ವಕೀಲೆ:

ಕೃಷಿಕರ ಆತಂಕ ಸುಳ್ಳಲ್ಲ. ಆದರೆ ಮಾರಿದವನಿಗೆ ಶಿಕ್ಷೆಯಾಗಲಿ ಎಂದು ಬಯಸುವವರೇ ಮೊದಲು ವಿಳಂಬದ ಮೇಲೆ ಸಿಟ್ಟಾಗಬೇಕು. ಒಂದು ಪ್ರಕರಣದೊಳಗೆ ಕಾಲ ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಬರೆಯುತ್ತೇನೆ.

ಬಂಧನವಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ನ್ಯಾಯಾಂಗ ಬಂಧನವಾಗುತ್ತದೆ. ಹದಿನೈದು ದಿನಗಳಿಗೊಮ್ಮೆ ಅದು ಮುಂದುವರಿಯುತ್ತದೆ. ತನಿಖೆಗೆ ಗಡುವು ಇದೆ: ಅಪರಾಧದ ಗಾತ್ರ ನೋಡಿ 60 ಅಥವಾ 90 ದಿನ. ಮಾದಕ ದ್ರವ್ಯ ವಾಣಿಜ್ಯ ಪ್ರಮಾಣದಲ್ಲಿದ್ದರೆ 180 ದಿನ. ಅಷ್ಟರಲ್ಲಿ ದೋಷಾರೋಪ ಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಅದಕ್ಕಾಗಿಯೇ ಗಡುವು ಮುಗಿಯುವ ಹೊತ್ತಿಗೆ ಅವಸರದಲ್ಲಿ ದೋಷಾರೋಪ ಪಟ್ಟಿ ಬರುತ್ತದೆ, ಎಷ್ಟೋ ಸಲ ಪ್ರಯೋಗಾಲಯದ ವರದಿಯಿಲ್ಲದೆ.

ನಿಜವಾದ ಕಾಯುವಿಕೆ ಆಮೇಲೆ ಆರಂಭವಾಗುತ್ತದೆ. ತನಿಖೆಗಿರುವಂಥ ಗಟ್ಟಿ ಗಡುವು ವಿಚಾರಣೆಗೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹಿಡಿದ ಮದ್ಯದ ಮಾದರಿ ಕಲ್ಲಿಕೋಟೆಯ ರಾಸಾಯನಿಕ ಪರೀಕ್ಷಾಲಯಕ್ಕೆ ಹೋಗುತ್ತದೆ, ಇನ್ನು ಕೆಲವು ಕಣ್ಣೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಅಲ್ಲಿ ಎಷ್ಟೋ ಜಿಲ್ಲೆಗಳ ಮಾದರಿಗಳು ಸಾಲುಗಟ್ಟಿರುತ್ತವೆ. ವರದಿ ಬಂತೆಂದರೆ ಆರೋಪ ನಿಗದಿಯಾಗಬೇಕು. ಆರೋಪಿಗಳು ಐವರಿದ್ದು ಒಬ್ಬ ಬಾರದಿದ್ದರೆ ಆ ದಿನ ಹೋಯಿತು. ಆಮೇಲೆ ಸಾಕ್ಷಿಗಳ ಪಟ್ಟಿ. ಮಹಜರು ಬರೆದ ಅಧಿಕಾರಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ಸಮನ್ಸ್ ಜಾರಿಯಾಗದೆ ಮರಳುತ್ತದೆ. ಸರಕಾರಿ ಅಭಿಯೋಜಕರಿಗೆ ಅದೇ ದಿನ ಇನ್ನೊಂದು ನ್ಯಾಯಾಲಯದಲ್ಲಿ ಕೆಲಸವಿರುತ್ತದೆ. ಅರ್ಧ ಸಾಕ್ಷ್ಯ ಕೇಳಿದ ನ್ಯಾಯಾಧೀಶರಿಗೇ ವರ್ಗವಾದರೆ ಹೊಸಬರು ಕಡತವನ್ನು ಓದಿಕೊಳ್ಳಬೇಕು. ನಮ್ಮ ವಕೀಲ ವೃತ್ತಿಯವರೂ ಕಾರಣರೇ. ಜಾಮೀನಿನಲ್ಲಿ ಹೊರಗಿರುವ ಕಕ್ಷಿದಾರನ ಪರ ವಾಯಿದೆ (ವಿಚಾರಣೆಯ ಮುಂದೂಡಿಕೆ) ಕೇಳುವವರಿಗೆ, ಅದೇ ಪ್ರಕರಣದಲ್ಲಿ ಒಳಗಿರುವ ಇನ್ನೊಬ್ಬ ಆರೋಪಿಯ ನೆನಪು ಇರುವುದಿಲ್ಲ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಜಾಮೀನುರಹಿತ ಪ್ರಕರಣಗಳಲ್ಲಿ, ಸಾಕ್ಷ್ಯಕ್ಕೆ ನಿಗದಿಯಾದ ಮೊದಲ ದಿನದಿಂದ 60 ದಿನಗಳೊಳಗೆ ವಿಚಾರಣೆ ಮುಗಿಯದಿದ್ದರೆ ಒಳಗಿರುವವನಿಗೆ ಜಾಮೀನು ಕೊಡಬೇಕು, ಇಲ್ಲವೇ ಕಾರಣ ಬರೆದಿಡಬೇಕು ಎಂದು ಕಾನೂನಿದೆ. ಒಳ್ಳೆಯದೇ. ಆದರೆ ಆ ಮೊದಲ ದಿನ ನಿಗದಿಯಾಗುವವರೆಗೆ ಎಣಿಕೆಯೇ ಆರಂಭವಾಗುವುದಿಲ್ಲವಲ್ಲ!

ಮಾದಕ ದ್ರವ್ಯದ ಮಾತು. ಗಾಂಜಾ 20 ಕಿಲೋ, ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಆಗ ಮಾದಕ ದ್ರವ್ಯಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆಯ 37ನೇ ಸೆಕ್ಷನ್ ಜಾಮೀನಿಗೆ ಅಡ್ಡ ಬರುತ್ತದೆ. ಈತ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣಗಳಿವೆ, ಹೊರಗೆ ಬಂದು ಮತ್ತೆ ತಪ್ಪು ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಸಾಕ್ಷ್ಯ ಕೇಳುವ ಮೊದಲೇ ಅದನ್ನು ತೋರಿಸುವುದು ಯಾರಿಗೆ ಸುಲಭ? ಕರ್ನಾಟಕದ ಮದ್ಯವನ್ನು ಕೇರಳಕ್ಕೆ ತಂದ ಅಬಕಾರಿ ಪ್ರಕರಣಗಳಲ್ಲೂ ಜಾಮೀನು ಸುಲಭವಲ್ಲ, 10 ವರ್ಷದವರೆಗೆ ಶಿಕ್ಷೆಯಿರುವ ಅಪರಾಧ ಅದು. 2023ರಲ್ಲಿ ಸುಪ್ರೀಂ ಕೋರ್ಟ್ ಎನ್‌ಡಿಪಿಎಸ್ ಪ್ರಕರಣವೊಂದರಲ್ಲಿ, ವಿಚಾರಣೆ ಅತಿಯಾಗಿ ತಡವಾದರೆ 37ನೇ ಸೆಕ್ಷನ್ ಜಾಮೀನಿಗೆ ಅಡ್ಡಿಯಾಗಲಾರದು ಎಂದಿತು. ಆದರೆ ಆ ತೀರ್ಪಿನ ಪ್ರಯೋಜನ ಪಡೆಯಲು ಹೆಚ್ಚಿನವರು ಎರ್ನಾಕುಳದ ಹೈಕೋರ್ಟಿನವರೆಗೆ ಹೋಗಬೇಕು. ಇಲ್ಲಿಂದ ಸುಮಾರು 400 ಕಿಲೋಮೀಟರ್, ಮೇಲೆ ವಕೀಲರ ಶುಲ್ಕ. ಮಾಲು ಕಳುಹಿಸಿದ ಧಣಿ ಆ ಖರ್ಚನ್ನು ಭರಿಸಬಲ್ಲ. ದಿನಗೂಲಿಗೆ ಗಾಡಿಯಲ್ಲಿ ಕುಳಿತ ಹುಡುಗ ಒಳಗೇ ಉಳಿಯುತ್ತಾನೆ. ಬಸ್ ನಿಲ್ದಾಣದಲ್ಲಿ ನೀವು ಕಂಡದ್ದು ಆ ಹುಡುಗನನ್ನಂತೂ ಇರಲಾರದು.

ಕುಂಬಳೆ, ಸದ್ಯ ಶಾರ್ಜಾ:

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ಕಾರಣವನ್ನು ಸೇರಿಸುತ್ತೇನೆ. ನಾಲ್ವರು ಆರೋಪಿಗಳಲ್ಲಿ ಒಬ್ಬ ಬಂಧನಕ್ಕೆ ಮೊದಲೇ ಕೊಲ್ಲಿಗೆ ಹಾರಿರುತ್ತಾನೆ. ಅವನಿಗೆ ವಾರಂಟ್, ಲುಕ್‌ಔಟ್ ನೋಟಿಸ್, ಮತ್ತೆ ವಾರಂಟ್. ಅವನ ಪ್ರಕರಣವನ್ನು ಬೇರ್ಪಡಿಸಿ ಉಳಿದವರ ವಿಚಾರಣೆ ನಡೆಸಬಹುದು ಎಂದು ಎಲ್ಲರಿಗೂ ಗೊತ್ತು, ಆದರೆ ಆ ಆದೇಶವಾಗಲು ತಿಂಗಳುಗಳು ಹಿಡಿಯುತ್ತವೆ. ಸಾಕ್ಷಿಗಳ ಕತೆಯೂ ಇದೇ. ಘಟನೆ ನಡೆದಾಗ ಊರಿನಲ್ಲಿದ್ದವನು ಈಗ ದುಬೈಯಲ್ಲೋ ದೋಹಾದಲ್ಲೋ ಇದ್ದಾನೆ. ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ, ನ್ಯಾಯಾಲಯದ ದಿನಾಂಕ ಆ ರಜೆಗೆ ಹೊಂದುವುದಿಲ್ಲ. ವಿಡಿಯೋ ಮೂಲಕ ಸಾಕ್ಷ್ಯ ಪಡೆಯುವ ಅವಕಾಶವನ್ನು ನಮ್ಮಂಥ ಜಿಲ್ಲೆಯಲ್ಲಿ ಧಾರಾಳವಾಗಿ ಬಳಸಬೇಕು.

ಮಂಜೇಶ್ವರದ ಗಡಿಮನೆ:

ಜಾಮೀನು ಸಿಗುವುದೇ ಇಲ್ಲ ಎಂಬುದು ಒಂದು ಕಷ್ಟ. ಸಿಕ್ಕಿದ ಮೇಲೂ ಹೊರಬರಲಾಗದ ಕಷ್ಟವನ್ನು ನಾನು ಹೇಳುತ್ತೇನೆ.

ನನ್ನ ಸೋದರತ್ತೆಯ ಮಗ ತಲಪಾಡಿಯಿಂದಾಚೆ ಒಂದು ಗಲಾಟೆ ಪ್ರಕರಣದಲ್ಲಿ ಸಿಕ್ಕಿಬಿದ್ದ. ಕರ್ನಾಟಕದ ಒಂದು ನ್ಯಾಯಾಲಯ ಜಾಮೀನು ಕೊಟ್ಟಿತು, ಇಬ್ಬರು ಜಾಮೀನುದಾರರು ಬೇಕೆಂದಿತು. ನಾನೂ ಅವನ ಮಾವನೂ ಹೋದೆವು. ಅಲ್ಲಿ ಕೇಳಿದ್ದು ಪಹಣಿ. ಕೇರಳದಲ್ಲಿ ಪಹಣಿ ಎಲ್ಲಿಂದ ತರುವುದು? ನಮ್ಮಲ್ಲಿರುವುದು ಗ್ರಾಮ ಕಚೇರಿಯ ತೀರ್ವೆ (ಭೂಕಂದಾಯ) ರಶೀದಿ ಮತ್ತು ಸ್ವಾಧೀನ ಪ್ರಮಾಣಪತ್ರ. ಎರಡನ್ನೂ ಕೊಟ್ಟೆವು. ಅವು ಮಲಯಾಳದಲ್ಲಿವೆ, ನಿಜವೆಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆ ಬಂತು. ತಹಶೀಲ್ದಾರರಿಂದ ದೃಢೀಕರಣ ತನ್ನಿ ಎಂದರು. ತಂದಾಗ ಜಾಮೀನುದಾರರು ಇದೇ ಜಿಲ್ಲೆಯವರಾದರೆ ಒಳ್ಳೆಯದು ಎಂದರು. ಮಂಜೇಶ್ವರದಿಂದ ಮಂಗಳೂರಿಗೆ ದಿನವೂ ಕೆಲಸಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರು ನಾವು, ಒಂದು ಸಹಿ ಹಾಕಲು ಮಾತ್ರ ಪರದೇಶಿಗಳು. ಹಣ ಕೊಟ್ಟರೆ ಪಹಣಿಯೊಂದಿಗೆ ಬಂದು ನಿಲ್ಲುವ ಮಂದಿ ಸಿಗುತ್ತಾರೆ ಎಂದು ನ್ಯಾಯಾಲಯದ ಹೊರಗೆ ಒಬ್ಬರು ಪಿಸುಗುಟ್ಟಿದರು. ಗುರುತೇ ಇಲ್ಲದವನು ದುಡ್ಡಿಗೆ ಜಾಮೀನು ನಿಂತರೆ ಪರವಾಗಿಲ್ಲ, ಬಂಧುಗಳು ನಿಂತರೆ ಆಗದು! ಅಷ್ಟೂ ದಿನ ಆ ಹುಡುಗ ಒಳಗೇ ಇದ್ದ, ಬಿಡುಗಡೆಯ ಆದೇಶ ಕಡತದಲ್ಲಿತ್ತು.

ವಿದ್ಯಾನಗರದ ವಕೀಲೆ:

ಗಡಿಮನೆಯವರೇ, ನೀವು ಬರೆದಿರುವುದನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಖಂಡಿಸಿದೆ. ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣ. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಅವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಜಾಮೀನನ್ನು ತಿರಸ್ಕರಿಸಿದ್ದರು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದ ಊರಿನಲ್ಲಿ ಬಂಧಿತನಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರರನ್ನು ಎಲ್ಲಿಂದ ತಂದಾನು ಎಂದು ಅವರು ಅದರಲ್ಲಿ ಕೇಳಿದ್ದಾರೆ. ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಲು ಆದೇಶವಾಯಿತು. ಕೃಷ್ಣ ಅಯ್ಯರ್ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1957ರ ಕೇರಳದ ಮೊದಲ ಸಚಿವ ಸಂಪುಟದಲ್ಲಿ ಕಾನೂನು, ಜೈಲು ಖಾತೆಗಳನ್ನು ನೋಡಿಕೊಂಡವರು. ಉತ್ತರ ಮಲಬಾರಿನ ನ್ಯಾಯಾಲಯಗಳ ವರಾಂಡ ಅವರಿಗೆ ಚೆನ್ನಾಗಿ ಗೊತ್ತಿತ್ತು.

2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳು ಇನ್ನೂ ಸ್ಪಷ್ಟ. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಹೋಗಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ನ್ಯಾಯಾಲಯವೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬಿಡುಗಡೆಯನ್ನು ತಡಮಾಡುವುದರಿಂದ ಅದನ್ನು ಹೇರದಿರಿ ಎಂದೂ ಹೇಳಿದೆ. ಇದನ್ನು ಮುದ್ರಿಸಿ ಜೊತೆಗಿಟ್ಟುಕೊಂಡು ವಕೀಲರ ಮೂಲಕ ಅರ್ಜಿ ಹಾಕಿ.

ಹಣವೇ ಇಲ್ಲದವರಿಗೆ 2023ರಿಂದ ಕೇಂದ್ರದ ಯೋಜನೆಯಿದೆ. ಜಾಮೀನು ಮೊತ್ತ ಕಟ್ಟಲಾಗದ ಬಡ ಕೈದಿಗೆ ಜಿಲ್ಲಾ ಮಟ್ಟದ ಸಮಿತಿಯ ಮೂಲಕ ನೆರವು ಸಿಗುತ್ತದೆ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಹಕ್ಕು, ದೂರವಾಣಿ ಸಂಖ್ಯೆ 15100. ಕೇಳಬಹುದು ಎಂಬುದೇ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಸಾಲ ಮಾಡುತ್ತವೆ.

ನಿವೃತ್ತ ವಾರ್ಡನ್:

ಕೇರಳದ ಜೈಲು ಇಲಾಖೆಯಲ್ಲಿ ಸೇವೆ ಮುಗಿಸಿದವನು ನಾನು. ಕೆಲಸ ಮಾಡಿದ ಜೈಲುಗಳ ಹೆಸರು ಬೇಡ. ಒಳಗಿನಿಂದ ಕಂಡದ್ದನ್ನು ಬರೆಯುತ್ತೇನೆ.

ಶಿಕ್ಷೆಯಾದವನಿಗೆ ತನ್ನ ಬಿಡುಗಡೆಯ ದಿನ ಗೊತ್ತು. ಅವನಿಗೆ ಕೆಲಸವಿದೆ, ಕೂಲಿಯಿದೆ, ನಡತೆ ಚೆನ್ನಾಗಿದ್ದರೆ ಶಿಕ್ಷೆಯಲ್ಲಿ ರಿಯಾಯಿತಿ, ಪೆರೋಲ್ ಇವೆ. ವಿಚಾರಣಾಧೀನನಿಗೆ ಇವೊಂದೂ ಇಲ್ಲ. ಅವನಿಂದ ಕೆಲಸ ಮಾಡಿಸುವಂತಿಲ್ಲ, ಹಾಗಾಗಿ ಮನೆಗೆ ಕಳುಹಿಸಲು ಕೂಲಿಯೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ಮನೆ ಕುಳಿತಿರಬೇಕು. ಮತದಾನದ ಹಕ್ಕೂ ಇಲ್ಲ, 1951ರ ಜನಪ್ರಾತಿನಿಧ್ಯ ಕಾಯ್ದೆ ಮುನ್ನೆಚ್ಚರಿಕೆಯ ಬಂಧನದಲ್ಲಿರುವವರನ್ನು ಬಿಟ್ಟರೆ ಒಳಗಿರುವ ಯಾರಿಗೂ ಅದನ್ನು ಕೊಟ್ಟಿಲ್ಲ. ಕಾನೂನಿನ ಕಣ್ಣಿನಲ್ಲಿ ನಿರಪರಾಧಿಯಾಗಿರುವವನು ಅಪರಾಧಿಗಿಂತ ಕಷ್ಟದ ಬದುಕನ್ನು ಬದುಕುತ್ತಾನೆ.

ಜಾಗ ಕಡಿಮೆಯಾದಾಗ ಮೊದಲು ಕಾಣುವುದು ರಾತ್ರಿ. ಮಗ್ಗುಲು ಬದಲಿಸಬೇಕಾದರೆ ಪಕ್ಕದವನನ್ನು ಎಬ್ಬಿಸಬೇಕು. ಬೆಳಿಗ್ಗೆ ಶೌಚಾಲಯದ ಸಾಲಿನಲ್ಲಿ ಜಗಳ. ಒಬ್ಬನಿಗೆ ಕಜ್ಜಿಯಾದರೆ ಬ್ಯಾರಕಿಗೆಲ್ಲ ಕಜ್ಜಿ. ಮೊದಲ ಸಲ ಬಂದ ಹತ್ತೊಂಬತ್ತರ ಹುಡುಗನನ್ನು ಬೇರೆ ಇಡಬೇಕೆಂದು ನಿಯಮವಿದೆ, ಇಡಲು ಕೋಣೆ ಇಲ್ಲ. ಅವನು ಮಲಗುವುದು ಹತ್ತು ಪ್ರಕರಣಗಳಿರುವವನ ಪಕ್ಕದಲ್ಲಿ. ಆರು ತಿಂಗಳಲ್ಲಿ ಅವನಿಗೆ ಯಾರ ನಂಬರು ಸಿಗುತ್ತದೆ, ಹೊರಗೆ ಹೋದ ಮೇಲೆ ಯಾರು ಕೆಲಸ ಕೊಡುತ್ತಾರೆ ಎಂಬುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೃಷಿಕರು ಹೇಳಿದ ಮಾದಕ ದ್ರವ್ಯದ ಜಾಲಕ್ಕೆ ಹೊಸಬರು ಹೀಗೆಯೂ ಸೇರುತ್ತಾರೆ.

ಕೈದಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಪೊಲೀಸರು ಬೇಕು. ಚುನಾವಣೆ, ಹಬ್ಬ, ಮಂತ್ರಿಗಳ ಭೇಟಿ ಬಂದರೆ ಆ ಪೊಲೀಸರು ಅತ್ತ ಹೋಗುತ್ತಾರೆ, ಇತ್ತ ಕೈದಿಯ ದಿನಾಂಕ ತಪ್ಪುತ್ತದೆ. ಈಗ ವಿಡಿಯೋ ಬಂದಿದೆ. ಬಂಧನ ಮುಂದುವರಿಸಲು ಅದರಿಂದ ಅನುಕೂಲ. ಆದರೆ ಹುಡುಗ ಪರದೆಯ ಮುಂದೆ ನಿಲ್ಲುತ್ತಾನೆ, ಹೆಸರು ಕರೆಯುತ್ತಾರೆ, ಹೂಂ ಎನ್ನುತ್ತಾನೆ, ಮುಗಿಯಿತು. ಮೊದಲಾದರೆ ನ್ಯಾಯಾಲಯದ ಆವರಣದಲ್ಲಿ ವಕೀಲರೊಡನೆ ಎರಡು ಮಾತು, ದೂರದಲ್ಲಿ ನಿಂತ ಅಮ್ಮನ ಮುಖ ಆದರೂ ಸಿಗುತ್ತಿತ್ತು.

ಎಣ್ಮಕಜೆಯ ಓದುಗ:

ನಿವೃತ್ತರು ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ಭಾಷೆಯ ಕಷ್ಟವನ್ನೂ ಇಲ್ಲಿ ದಾಖಲಿಸಬೇಕು. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ತುಳುವೋ ಮರಾಠಿಯೋ ಆಡುವ ಹಿರಿಯರಿಗೆ ಮಲಯಾಳ ಓದಲು ಬರುವುದಿಲ್ಲ. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆ, ಬಂಧನದ ಸೂಚನೆ, ದೋಷಾರೋಪ ಪಟ್ಟಿ ಎಲ್ಲವೂ ಮಲಯಾಳದಲ್ಲಿ. ಮಗನ ಮೇಲಿನ ಆರೋಪ ಏನೆಂದು ತಿಳಿಯಲು ತಾಯಿ ಪಕ್ಕದ ಮನೆಯವರ ಬಳಿ ಹೋಗಬೇಕು, ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಹೋಗುವುದಿಲ್ಲ. ವಕೀಲರು ಏನು ಕೇಳಿದರೂ ಸರಿಯಾದ ಕಾಗದ ತರಲಾಗದೆ ಮತ್ತೊಂದು ವಾಯಿದೆ. ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಸ್ವಾತಂತ್ರ್ಯವೇ ಹೋಗುವ ಕಾಗದದಲ್ಲಾದರೂ ಅದರ ಆಶಯ ಕಾಣಬೇಡವೇ?

ವಿದ್ಯಾನಗರದ ವಕೀಲೆ:

ನಿಮ್ಮ ಮಾತು ಪೂರ್ತಿ ಸರಿ. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂಬುದು ಕ್ರಿಮಿನಲ್ ವಿಚಾರಣೆಯ ನಿಯಮವೇ ಆಗಿದೆ. ಕೇಳಿದರೆ ನ್ಯಾಯಾಧೀಶರು ಏರ್ಪಾಡು ಮಾಡುತ್ತಾರೆ. ಕೇಳುವವರು ಕಡಿಮೆ.

ನೀರ್ಚಾಲಿನ ಮಾಸ್ತರು:

ನಮ್ಮ ಜಿಲ್ಲೆಯ ಎಲ್ಲರಿಗೂ ಗೊತ್ತಿರುವ ಒಂದು ಪ್ರಕರಣವನ್ನು ಎಚ್ಚರಿಕೆಯಿಂದ ಎತ್ತುತ್ತಿದ್ದೇನೆ. 2017ರ ಮಾರ್ಚ್ 20ರ ರಾತ್ರಿ ಹಳೆ ಚೂರಿಯ ಮಸೀದಿಯಲ್ಲಿ ಕೊಡಗು ಮೂಲದ ಮದರಸಾ ಅಧ್ಯಾಪಕರೊಬ್ಬರ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಮೂವರ ಬಂಧನವಾಯಿತು. ತೀರ್ಪು ಬಂದದ್ದು 2024ರ ಮಾರ್ಚ್ 30ರಂದು, ಮೂವರೂ ಖುಲಾಸೆ. ಅಲ್ಲಿಯವರೆಗೆ ಏಳು ವರ್ಷ ಅವರು ಜೈಲಿನಲ್ಲೇ ಇದ್ದರು, ಜಾಮೀನು ಸಿಗಲಿಲ್ಲ. ಸರಕಾರ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು.

ತೀರ್ಪು ಸರಿಯೋ ತಪ್ಪೋ ಎಂದು ನಾನು ಹೇಳಲು ಹೊರಟಿಲ್ಲ. ಏಳು ವರ್ಷದ ಬಗ್ಗೆ ಮಾತ್ರ ಕೇಳುತ್ತೇನೆ. ಆರೋಪಿಗಳ ಕಡೆಯಿಂದ ನೋಡಿ, ಖುಲಾಸೆಯಾದವರ ಏಳು ವರ್ಷವನ್ನು ಯಾರು ಹಿಂತಿರುಗಿಸುತ್ತಾರೆ? ತೀರಿಕೊಂಡವರ ಪತ್ನಿ, ಮಗುವಿನ ಕಡೆಯಿಂದ ನೋಡಿ, ಏಳು ವರ್ಷ ಕಾದು ಕೊನೆಗೆ ಅವರಿಗೆ ಸಿಕ್ಕಿದ್ದೇನು? ಎರಡು ಕಡೆಯವರೂ ಕಾದರು. ವಿಳಂಬವನ್ನು ಆರೋಪಿಗಳ ಪರ ವಾದವೆಂದು ಯಾರೂ ತಿಳಿಯಬಾರದು.

ವೇದಿಕೆಯ ನಿರ್ವಾಹಕ:

ಮಾಸ್ತರ ಬರಹದ ಕೆಳಗೆ ಬಂದ ಕೆಲವು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮತಧರ್ಮದ ನಿಂದನೆಗೆ ಇಲ್ಲಿ ಅವಕಾಶವಿಲ್ಲ. ಮೇಲ್ಮನವಿಯ ವಿಷಯದಲ್ಲಿ ತೀರ್ಪು ಕೊಡುವ ಕೆಲಸ ನಮ್ಮದಲ್ಲ. ವಿಳಂಬದ ಚರ್ಚೆ ಮುಂದುವರಿಯಲಿ.

ಬದಿಯಡ್ಕದ ಕೃಷಿಕ:

ಮಾಸ್ತರೇ, ನೀವು ಕೊನೆಗೆ ಹೇಳಿದ್ದನ್ನು ನಾನು ಸಾಕ್ಷಿಯಾಗಿ ಅನುಭವಿಸಿದ್ದೇನೆ. ನಮ್ಮ ಪಕ್ಕದ ತೋಟದ ಅಂಗಳದಿಂದ ಒಣಗಿದ ಅಡಿಕೆ ಕಳವಾಯಿತು. ಮಹಜರಿಗೆ ನಾನು ಸಹಿ ಹಾಕಿದ್ದೆ. ಆಮೇಲೆ ಸಮನ್ಸ್ ಬರತೊಡಗಿತು. ಒಂದು ಸಲ ಆರೋಪಿ ಬೇರೆ ಪ್ರಕರಣದಲ್ಲಿ ಇನ್ನೊಂದು ಜೈಲಿನಲ್ಲಿದ್ದಾನೆ, ಕರೆತಂದಿಲ್ಲ ಎಂದರು. ಇನ್ನೊಂದು ಸಲ ವಕೀಲರಿಲ್ಲ. ಮತ್ತೊಂದು ಸಲ ನ್ಯಾಯಾಧೀಶರು ರಜೆಯಲ್ಲಿದ್ದರು. ಮದ್ದು ಬಿಡಬೇಕಾದ ಮಳೆಗಾಲದಲ್ಲಿ ಕೆಲಸದವರನ್ನು ಬಿಟ್ಟು ಹೋಗಿ ಬೆಂಚಿನಲ್ಲಿ ಕುಳಿತು ಮರಳಿದೆ. ಕೊನೆಗೆ ಸಾಕ್ಷಿಕಟ್ಟೆ ಹತ್ತಿದಾಗ ಪಾಟೀಸವಾಲಿನಲ್ಲಿ ಕೇಳಿದರು, ಆ ದಿನ ಗೋಣಿಗಳ ಬಣ್ಣ ಯಾವುದು? ವರ್ಷಗಳ ಹಿಂದಿನ ಗೋಣಿಯ ಬಣ್ಣ ಯಾರಿಗೆ ನೆನಪಿರುತ್ತದೆ? ತಡವಾದಷ್ಟೂ ಕಳ್ಳನಿಗೇ ಲಾಭ.

ಆದ್ದರಿಂದ ನನ್ನ ನಿಲುವು ಇಷ್ಟು: ಮಾದಕ ದ್ರವ್ಯದ ಧಣಿಗಳಿಗೆ ಜಾಮೀನು ಬೇಡ ಎಂಬುದರಲ್ಲಿ ನಾನು ಗಟ್ಟಿ. ಆದರೆ ಒಂದು ವರ್ಷದೊಳಗೆ ಶಿಕ್ಷೆಯೋ ಬಿಡುಗಡೆಯೋ ಆಗಿಬಿಡಲಿ.

ಮಂಗಳೂರಿನಲ್ಲಿ ಕಾನೂನು ಓದುವವಳು:

ಕೃಷಿಕ ಮಾವ ಹೇಳುವ ಒಂದು ವರ್ಷಕ್ಕೆ ಎರಡು ಕಡೆಯಿಂದ ಕೆಲಸವಾಗಬೇಕು. ಒಂದು, ನ್ಯಾಯಾಧೀಶರ ಸಂಖ್ಯೆ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಎಂದು ಕಾನೂನು ಆಯೋಗ 1987ರಲ್ಲೇ ಹೇಳಿತು. ಇಂದಿಗೂ ನಾವು ಅದರ ಅರ್ಧವನ್ನು ಮುಟ್ಟಿಲ್ಲ. ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿಯಿವೆ. ಇನ್ನೊಂದು, ಜೈಲಿಗೆ ಕಳುಹಿಸುವ ಮೊದಲ ನಿರ್ಧಾರ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸಬಾರದು, ಮ್ಯಾಜಿಸ್ಟ್ರೇಟರೂ ಕಣ್ಣುಮುಚ್ಚಿ ಒಳಗೆ ಕಳುಹಿಸಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಪಾಲನೆಯಾಗಿದ್ದರೆ ನಗರದ ಜೈಲುಗಳ ಬಾಗಿಲಲ್ಲೇ ಅರ್ಧ ಒತ್ತಡ ಇಳಿಯುತ್ತಿತ್ತು.

ಮಂಗಳೂರಿನ ಜೈಲು ಊರ ನಡುವೆ ಕೊಡಿಯಾಲಬೈಲಿನಲ್ಲಿದೆ, ವಿಸ್ತರಿಸಲು ಜಾಗವಿಲ್ಲ. ಹೊರವಲಯದಲ್ಲಿ ಹೊಸ ಜೈಲು ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ.

ನಿವೃತ್ತ ವಾರ್ಡನ್:

ನಿನಗೆ ಅನಿಸುವುದು ಸರಿ ಮಗಳೇ. ನಮ್ಮ ಜಿಲ್ಲೆಯ ಚೀಮೇನಿಯಲ್ಲಿ ತೆರೆದ ಜೈಲು ಇದೆ. ವಿಶಾಲ ಜಾಗ, ಕೃಷಿ, ಒಳ್ಳೆಯ ವ್ಯವಸ್ಥೆ. ಆದರೆ ಅದು ಶಿಕ್ಷೆಯಾಗಿ ಒಳ್ಳೆಯ ನಡತೆ ತೋರಿದವರಿಗೆ. ವಿಚಾರಣಾಧೀನರನ್ನು ಅಲ್ಲಿಗೆ ಕಳುಹಿಸುವಂತಿಲ್ಲ. ಕಿಕ್ಕಿರಿಯುವುದು ಊರೊಳಗಿನ ಸಬ್‌ಜೈಲು, ಜಿಲ್ಲಾ ಜೈಲುಗಳು. ತೊಟ್ಟಿ ದೊಡ್ಡದು ಮಾಡಿದರೂ ಹೊರಹೋಗುವ ತೂಬು ಕಟ್ಟಿಕೊಂಡಿದ್ದರೆ ನೀರು ಮತ್ತೆ ಅಂಚಿಗೆ ಬರುತ್ತದೆ.

ಪೈವಳಿಕೆ ವಾಸಿ:

ಹೊಸ ಕಾನೂನಿನಲ್ಲಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದವರನ್ನು ಬಿಡಬೇಕೆಂದು ಇದೆಯಲ್ಲ, ಅದರ ಬಗ್ಗೆ ವಕೀಲರು ಹೇಳುವಿರಾ?

ವಿದ್ಯಾನಗರದ ವಕೀಲೆ:

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರಿಗೆ ಜಾಮೀನು ಎಂಬುದು ಹಳೆಯ ಕಾನೂನಿನಲ್ಲೂ 2006ರಿಂದ ಇತ್ತು. ಈಗ ಹಿಂದೆಂದೂ ಶಿಕ್ಷೆಯಾಗದವರಿಗೆ ಅದು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷವಾದರೆ ಮೊದಲ ಸಲದವನು ಒಂದು ವರ್ಷಕ್ಕೆ ಅರ್ಹ. ಅರ್ಜಿ ಹಾಕುವ ಹೊಣೆಯನ್ನು ಜೈಲು ಅಧೀಕ್ಷಕರ ಮೇಲೇ ಹೊರಿಸಿದ್ದಾರೆ. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು.

ಆದರೆ ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೂ ಇಲ್ಲ. ನನಗೆ ಚಿಂತೆ ಇರುವುದು ಇಲ್ಲಿಯೇ. ಒಂದೇ ಘಟನೆಗೆ ಎರಡು ಠಾಣೆಗಳಲ್ಲಿ, ಗಡಿಯ ಎರಡೂ ಬದಿಯಲ್ಲಿ ಪ್ರಕರಣ ದಾಖಲಾಗುವುದು ನಮ್ಮಲ್ಲಿ ಅಪರೂಪವಲ್ಲ. ಅಂಥವನು ಎರಡೂ ಕಡೆ ಸಣ್ಣ ಆರೋಪಿಯಾಗಿದ್ದರೂ ಈ ಬಾಗಿಲು ಅವನಿಗೆ ಮುಚ್ಚುತ್ತದೆ.

ಪ್ರತಿ ಜಿಲ್ಲೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯಿದೆ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಸದಸ್ಯರು. ಯಾರು ಅರ್ಹರು ಎಂದು ಪಟ್ಟಿ ಮಾಡಿ ನ್ಯಾಯಾಲಯಕ್ಕೆ ಶಿಫಾರಸು ಮಾಡುವುದು ಅದರ ಕೆಲಸ. ಜನ ಕೇಳಿದರೆ ಆ ಸಮಿತಿ ಚುರುಕಾಗುತ್ತದೆ.

ಪೈವಳಿಕೆ ವಾಸಿ:

ಹಾಗಾದರೆ ಕೇಳೋಣ. ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ನಾನು ಬರೆಯುತ್ತೇನೆ. ಕಾಸರಗೋಡಿನ ಸಬ್‌ಜೈಲು ಮತ್ತು ಹೊಸದುರ್ಗದ ಜಿಲ್ಲಾ ಜೈಲು: ಅನುಮತಿಸಿದ ಸಂಖ್ಯೆ ಎಷ್ಟು, ಇರುವವರೆಷ್ಟು, ವಿಚಾರಣಾಧೀನರೆಷ್ಟು, ಒಂದು ವರ್ಷ ದಾಟಿದವರೆಷ್ಟು. ಜಾಮೀನು ಆದೇಶವಾಗಿಯೂ ಏಳು ದಿನ ಮೀರಿ ಒಳಗಿರುವವರೆಷ್ಟು. 479ರಡಿ ಅಧೀಕ್ಷಕರು ಸಲ್ಲಿಸಿದ ಅರ್ಜಿಗಳೆಷ್ಟು. ಬೇರೆ ಏನಾದರೂ ಸೇರಿಸಬೇಕೇ?

ಮಂಜೇಶ್ವರದ ಗಡಿಮನೆ:

ಬೇರೆ ರಾಜ್ಯದ ವಿಳಾಸವಿರುವವರೆಷ್ಟು ಎಂದೂ ಕೇಳಿ. ಇದೇ ಅರ್ಜಿಯನ್ನು ಮಂಗಳೂರಿಗೂ ಹಾಕಿದರೆ ಅಲ್ಲಿ ಜಾಮೀನುದಾರರಿಲ್ಲದೆ ಉಳಿದಿರುವ ನಮ್ಮವರ ಲೆಕ್ಕ ಸಿಗುತ್ತದೆ.

ಬದಿಯಡ್ಕದ ಕೃಷಿಕ:

ಬೆಂಗಾವಲು ಪೊಲೀಸರಿಲ್ಲದೆ ಹಾಜರುಪಡಿಸಲಾಗದ ದಿನಗಳ ಸಂಖ್ಯೆಯನ್ನೂ ಕೇಳಿ. ನನ್ನಂಥ ಸಾಕ್ಷಿಗಳು ಮರಳಿ ಹೋಗುವುದು ಆ ದಿನಗಳಲ್ಲಿ.

ವಿದ್ಯಾನಗರದ ವಕೀಲೆ:

ಎಲ್ಲವನ್ನೂ ಸೇರಿಸಿ. ಕೈದಿಗಳ ಹೆಸರು ಕೇಳಬೇಡಿ, ಸಂಖ್ಯೆ ಮಾತ್ರ ಕೇಳಿ, ಆಗ ಖಾಸಗಿ ಮಾಹಿತಿ ಎಂದು ತಿರಸ್ಕರಿಸಲಾಗದು. ಕೇರಳದ ಅರ್ಜಿಗೆ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು, 30 ದಿನಗಳಲ್ಲಿ ಉತ್ತರ ಬರಬೇಕು. ಮಲಯಾಳ ಪ್ರತಿಯ ಜೊತೆಗೆ ಕನ್ನಡ ಪ್ರತಿಯನ್ನೂ ಲಗತ್ತಿಸಿ.

ಎಣ್ಮಕಜೆಯ ಓದುಗ:

ಮಲಯಾಳ ಪ್ರತಿಯನ್ನು ನಾನು ಬರೆದುಕೊಡುತ್ತೇನೆ. ಕರಡನ್ನು ಇಲ್ಲಿಯೇ ಹಾಕಿ.